ಲಕ್ಕಮ್ಮನ ಅಳತೆ: ಕಾಯಕದೃಷ್ಟಿ ಮತ್ತು ವೇತನದ ತಾರತಮ್ಯ

ಶರಣಸಾಹಿತ್ಯದ ಪ್ರಸಂಗಗಳಲ್ಲಿ ಆಯ್ದಕ್ಕಿ ಮಾರಯ್ಯ-ಲಕ್ಕಮ್ಮ ದಂಪತಿಗಳ ಪ್ರಸಂಗದಷ್ಟು ಜನಮನದಲ್ಲಿ ನೆಲೆನಿಂತವು ಕೆಲವೇ. ಪುರಾಣ ಪ್ರವಚನಗಳಲ್ಲಿ, ಶಾಲೆಯ ಪಠ್ಯಗಳಲ್ಲಿ, ಜಯಂತಿಯ ಭಾಷಣಗಳಲ್ಲಿ ಅದು ಮತ್ತೆ ಮತ್ತೆ ಬರುತ್ತದೆ. ಈಚಿನ ವರ್ಷಗಳಲ್ಲಿ ಉದ್ಯಮಗಳ ಆಡಳಿತ ಶಿಬಿರಗಳಿಗೂ ಅದು ಪ್ರವೇಶಿಸಿದೆ. ಆದರೆ ಬಹಳವಾಗಿ ಬಳಸಿದ ನಾಣ್ಯದ ಮೇಲಿನ ಅಕ್ಷರಗಳು ಸವೆಯುವಂತೆ, ಬಹಳವಾಗಿ ಹೇಳಿದ ಕಥೆಯ ಅರ್ಥವೂ ಸವೆಯುವುದುಂಟು. ಇಂದು ಈ ಪ್ರಸಂಗವನ್ನು ಕೇಳಿ ಎದ್ದುಹೋಗುವವನ ಮನಸ್ಸಿನಲ್ಲಿ ಉಳಿಯುವ ಪಾಠ ಒಂದೇ: ಬಡವನು ಇದ್ದುದರಲ್ಲಿ ತೃಪ್ತನಾಗಿರಬೇಕು, ಹೆಚ್ಚಿಗೆ ಕೇಳಬಾರದು. ಈ ಪಾಠ ಮೂಲದ ಆಶಯಕ್ಕೆ ನಿಷ್ಠವಾದುದೇ ಎಂಬುದನ್ನು ಇಲ್ಲಿ ವಿವೇಚಿಸಬೇಕಾಗಿದೆ.

ಇದು ಬರಿಯ ಪಾಠವಿಮರ್ಶೆಯ ಪ್ರಶ್ನೆಯಲ್ಲ. ಒಂದೇ ಸಂಸ್ಥೆಯ ಒಂದೇ ಸೂರಿನ ಕೆಳಗೆ ದುಡಿಯುವ ಮುಖ್ಯಾಧಿಕಾರಿಯ ಒಂದು ವರ್ಷದ ಸಂಬಳವನ್ನು ಗಳಿಸಲು ಅಲ್ಲಿನ ಕಸ ಗುಡಿಸುವವಳು ಎಷ್ಟು ಜನ್ಮ ದುಡಿಯಬೇಕೆಂದು ಲೆಕ್ಕ ಹಾಕುವ ಕಾಲದಲ್ಲಿ ನಾವಿದ್ದೇವೆ. ಇಂತಹ ಅಂತರ ನ್ಯಾಯವೇ ಎಂದು ಯಾರಾದರೂ ಕೇಳಿದರೆ, ಕಾಯಕವನ್ನು ಕೈಲಾಸಕ್ಕೆ ಸಮನಾಗಿಸಿದ ಪ್ರಸಿದ್ಧ ಉಕ್ತಿಯನ್ನೇ ಉತ್ತರವಾಗಿ ಒಪ್ಪಿಸುವವರೂ ಇದ್ದಾರೆ. ಕೆಲಸವೇ ಪೂಜೆಯಾದ ಮೇಲೆ ಕೂಲಿಯ ಮಾತೇಕೆ ಎಂಬುದು ಅವರ ವಾದ. ಶರಣರ ಮಾತನ್ನು ಹೀಗೆ ಬಳಸುವುದು ಸಲ್ಲುವುದೇ? ಸಲ್ಲದಿದ್ದರೆ, ಸಲ್ಲದೆಂದು ಹೇಳುವ ಹೊಣೆ ಶರಣಸಾಹಿತ್ಯದ ಓದುಗರ ಮೇಲೆಯೇ ಇದೆ.

ಮೊದಲು ಪ್ರಸಂಗವನ್ನು ನೋಡೋಣ. ರಾಯಚೂರು ಜಿಲ್ಲೆಯ ಲಿಂಗಸೂಗೂರು ತಾಲ್ಲೂಕಿನ ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದ ಈ ದಂಪತಿಗಳ ಕಾಯಕ, ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುವುದು. ಗೂಳೂರು ಸಿದ್ಧವೀರಣ್ಣೊಡೆಯರ ಶೂನ್ಯಸಂಪಾದನೆಯಲ್ಲಿ ಇವರಿಗೆ ಒಂದು ಪ್ರತ್ಯೇಕ ಸಂಪಾದನೆಯೇ ಮೀಸಲಾಗಿದೆ. ಅನುಭಾವದ ಮಾತಿನಲ್ಲಿ ಮೈಮರೆತ ಮಾರಯ್ಯನನ್ನು ಲಕ್ಕಮ್ಮ ಎಚ್ಚರಿಸಿ, ನಿಂತುಹೋದ ಕಾಯಕಕ್ಕೆ ಕಳುಹಿಸುತ್ತಾಳೆ. ಅವನು ಅವಸರದಿಂದ ಹೋಗಿ ಅಂದು ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತರುತ್ತಾನೆ. ಆ ಹೆಚ್ಚಳ ಹೇಗೆ ಬಂದಿತೆಂಬುದನ್ನು ಕಥನಗಳು ಬೇರೆ ಬೇರೆಯಾಗಿ ಹೇಳುತ್ತವೆ. ಲಕ್ಕಮ್ಮನ ಪ್ರತಿಕ್ರಿಯೆಯನ್ನು ಮಾತ್ರ ಎಲ್ಲವೂ ಒಂದೇ ಬಗೆಯಾಗಿ ಹೇಳುತ್ತವೆ. ಈ ಅಕ್ಕಿ ನಮ್ಮದಲ್ಲ, ಹೆಚ್ಚಾದುದನ್ನು ತೆಗೆದ ಜಾಗದಲ್ಲೇ ಸುರಿದು ಬನ್ನಿ ಎಂದು ಆಕೆ ಗಂಡನನ್ನು ಹಿಂದಕ್ಕೆ ಕಳುಹಿಸುತ್ತಾಳೆ.

ಈ ಪ್ರಸಂಗದಲ್ಲಿ ಮೂರು ಸಂಗತಿಗಳು ಸಾಮಾನ್ಯವಾಗಿ ನಮ್ಮ ಗಮನದಿಂದ ಜಾರುತ್ತವೆ. ಒಂದನೆಯದಾಗಿ, ಲಕ್ಕಮ್ಮ ಆಕ್ಷೇಪಿಸುವುದು ಕೊರತೆಯ ವಿರುದ್ಧದ ದೂರನ್ನಲ್ಲ, ಹೆಚ್ಚಳವನ್ನು. ನಿತ್ಯದ ಅಕ್ಕಿ ಕಡಿಮೆಯಾಗಿದ್ದು ಮಾರಯ್ಯ ಇನ್ನಷ್ಟು ಬೇಕೆಂದಿದ್ದರೆ ಆಕೆ ಏನೆನ್ನುತ್ತಿದ್ದಳೋ ಕಥೆ ಹೇಳುವುದಿಲ್ಲ. ಸಾಲದವನಿಗೆ ಸಾಕೆನ್ನು ಎಂದು ಆಕೆ ಉಪದೇಶಿಸಲಿಲ್ಲ. ಸಾಕಾದ ಮೇಲೂ ತಂದವನಿಗೆ ಸಾಕೆಂದಳು. ಈ ಎರಡು ಮಾತುಗಳ ನಡುವಿನ ಅಂತರವೇ ಈ ಪ್ರಸಂಗದ ತಿರುಳು. ಎರಡನೆಯದಾಗಿ, ಮಾತು ಆಡುವವಳು ಗುರುವಲ್ಲ, ಅರಸನಲ್ಲ, ಒಡೆಯನಲ್ಲ. ದಿನವೂ ಆ ಅಕ್ಕಿಯನ್ನು ಅಳೆದು ಅಡುವವಳು. ಮನೆಯ ಅಗತ್ಯವೆಷ್ಟು, ದಾಸೋಹದ ಅಗತ್ಯವೆಷ್ಟು ಎಂಬುದು ಆಕೆಯ ಕೈಗೆ ಗೊತ್ತು. ಮಿತಿಯನ್ನು ಹೇಳುವ ಅಧಿಕಾರ ಆಕೆಗೆ ಬಂದುದು ಈ ಅರಿವಿನಿಂದ. ಮೂರನೆಯದಾಗಿ, ಹೆಚ್ಚಾದ ಅಕ್ಕಿಯನ್ನು ದಾಸೋಹಕ್ಕೆ ಬಳಸಿಬಿಡೋಣವೆಂದೂ ಆಕೆ ಹೇಳುವುದಿಲ್ಲ. ಉಪಾಯವಂತರಿಗೆ ಅದೇ ಸುಲಭದ ದಾರಿಯಾಗಿ ಕಾಣುತ್ತಿತ್ತು. ಆದರೆ ತನ್ನದಲ್ಲದುದನ್ನು ದಾನಮಾಡಿ ತನ್ನದಾಗಿಸಿಕೊಳ್ಳಲು ಲಕ್ಕಮ್ಮ ಒಪ್ಪಲಿಲ್ಲ. ಇಷ್ಟಾಗಿಯೂ ಆ ಬಡ ದಂಪತಿಗಳು ಲಕ್ಷದ ಮೇಲೆ ತೊಂಬತ್ತಾರು ಸಾವಿರ ಜಂಗಮರಿಗೆ ಪ್ರಸಾದ ನೀಡಿದರೆಂದು ಪರಂಪರೆ ಹೇಳುತ್ತದೆ. ದಾಸೋಹದ ಹಿರಿಮೆ ತಂದ ರಾಶಿಯ ಗಾತ್ರದಲ್ಲಿಲ್ಲವೆಂಬುದೇ ಅದರ ಧ್ವನಿ.

ಹೀಗೆ ಓದಿದಾಗ ಈ ಪ್ರಸಂಗ ಬಡವನಿಗೆ ಹೇಳಿದ ಸಂತೃಪ್ತಿಯ ನೀತಿಯಾಗಿ ಉಳಿಯುವುದಿಲ್ಲ. ಆದಾಯಕ್ಕೆ ಮಿತಿಯುಂಟು, ಆ ಮಿತಿ ಹೆಚ್ಚು ತರುವವನಿಗೆ ಮೊದಲು ಅನ್ವಯಿಸುತ್ತದೆ ಎಂಬ ತತ್ತ್ವವಾಗಿ ನಿಲ್ಲುತ್ತದೆ. ಅತ್ಯಾಸೆ ಭಕ್ತನ ಮನೆಗೆ ಹೊಂದದು, ಅದರ ನೆಲೆ ಅರಮನೆ ಎಂಬ ಆಶಯ ಲಕ್ಕಮ್ಮನ ನುಡಿಯಲ್ಲಿ ಸ್ಪಷ್ಟವಾಗಿದೆ. ಎಂದ ಮೇಲೆ ಆಕೆಯ ಟೀಕೆಯ ಮೊನೆ ಅರಮನೆಯ ಕಡೆಗಿದೆಯೇ ಹೊರತು ಗುಡಿಸಲಿನ ಕಡೆಗಲ್ಲ.

ಇಲ್ಲಿ ಒಂದು ಆಕ್ಷೇಪವನ್ನು ಎದುರಿಸಬೇಕು. ಹನ್ನೆರಡನೆಯ ಶತಮಾನದ ಅಕ್ಕಿ ಆಯುವವನಿಗೆ ಒಡೆಯನೂ ಇರಲಿಲ್ಲ, ಸಂಬಳವೂ ಇರಲಿಲ್ಲ. ಆ ಕಥೆಯಿಂದ ಇಂದಿನ ಕಂಪನಿಯ ವೇತನಪಟ್ಟಿಯನ್ನು ಅಳೆಯುವುದು ಕಾಲವಿಪರ್ಯಾಸವಲ್ಲವೇ? ಆಕ್ಷೇಪದಲ್ಲಿ ಹುರುಳಿದೆ. ವಚನಗಳಲ್ಲಿ ವೇತನದ ಸೂತ್ರವನ್ನು ಹುಡುಕುವುದು ವ್ಯರ್ಥ. ಎಲ್ಲ ಕಾಯಕಗಳೂ ಸಮಾನವೆಂದು ಶರಣರು ಸಾರಿದರು. ಎಲ್ಲ ಕಾಯಕಗಳಿಗೂ ಸಮಾನವಾದ ಹಣ ಬರಬೇಕೆಂದು ಸಾರಿದರೆಂದು ಹೇಳಲು ಆಧಾರವಿಲ್ಲ. ಆದರೆ ಕಾಯಕಗಳ ಸಮಾನತೆಯಿಂದ ಒಂದು ನಿಷೇಧಾತ್ಮಕ ನಿರ್ಣಯ ಖಂಡಿತವಾಗಿಯೂ ಹೊರಡುತ್ತದೆ. ನನ್ನ ಕೆಲಸ ಮೇಲಿನದು, ನಿನ್ನದು ಕೀಳು, ಆದ್ದರಿಂದ ನನಗೆ ಬರುವುದಕ್ಕೆ ಎಲ್ಲೆ ಬೇಡ ಎಂಬ ವಾದಕ್ಕೆ ಅಲ್ಲಿ ಎಡೆಯಿಲ್ಲ. ನುಲಿಯ ಚಂದಯ್ಯ ಈ ಮಾತನ್ನು ಇನ್ನೂ ಕಠೋರವಾಗಿ ಹೇಳಿದ. ಗುರುವಾಗಲಿ, ಲಿಂಗವಾಗಲಿ, ಜಂಗಮವಾಗಲಿ ಕಾಯಕದಿಂದ ವಿನಾಯಿತಿ ಯಾರಿಗೂ ಇಲ್ಲವೆಂಬುದು ಅವನ ನಿಲುವು. ಜನರನ್ನು ಪೀಡಿಸಿ, ಕಾಡಿ ತಂದ ಧನ ಅರ್ಪಣಕ್ಕೆ ಸಲ್ಲದು ಎಂಬುದು ಅವನ ಇನ್ನೊಂದು ನಿಲುವು. ಸತ್ಯಶುದ್ಧತೆ, ಮಿತಿ, ದಾಸೋಹ ಎಂಬ ಮೂರು ಒರೆಗಲ್ಲುಗಳು ಹೀಗೆ ನಮಗೆ ದೊರೆಯುತ್ತವೆ. ಇವುಗಳ ಅನುಕ್ರಮವೂ ಮುಖ್ಯವಾದುದು. ಗಳಿಕೆ ಶುದ್ಧವಾಗಿರಬೇಕು, ಶುದ್ಧವಾದ ಗಳಿಕೆಗೂ ಮಿತಿಯಿರಬೇಕು, ಆ ಬಳಿಕ ಅದು ಸಮಾಜಕ್ಕೆ ಸಲ್ಲಬೇಕು.

ಇದು ಸಂಸಾರ ತೊರೆದವರ ಅಥವಾ ಕಡುಬಡವರ ನೀತಿ, ರಾಜ್ಯದ ಹೊಣೆ ಹೊತ್ತವರಿಗೆ ಒಪ್ಪದು ಎನ್ನುವಂತೆಯೂ ಇಲ್ಲ. ಕಲ್ಯಾಣದಲ್ಲಿ ಅಕ್ಕಿ ಆಯುವವನ ಜೊತೆಯಲ್ಲೇ ಬಿಜ್ಜಳನ ಭಂಡಾರಿಯೂ ಇದ್ದನು. ಇಂದಿನ ಮಾತಿನಲ್ಲಿ ಹೇಳುವುದಾದರೆ ಬಸವಣ್ಣನವರು ಒಂದು ರಾಜ್ಯದ ಹಣಕಾಸಿನ ಮುಖ್ಯಾಧಿಕಾರಿಗಳು. ಭಂಡಾರದ ಹಣ ಜಂಗಮರಿಗೆ ಹೋಗುತ್ತಿದೆಯೆಂಬ ದೂರು ಅರಸನ ಕಿವಿಗೆ ಬಿದ್ದು, ಲೆಕ್ಕ ತೆಗೆಸಿ ನೋಡಿದಾಗ ಎಲ್ಲವೂ ಸರಿಯಾಗಿದ್ದ ಸಂಗತಿಯನ್ನು ಬಸವಚರಿತ್ರೆಯ ಕಾವ್ಯಗಳು ವರ್ಣಿಸುತ್ತವೆ. ಅದರಲ್ಲಿನ ಪವಾಡದ ಅಂಶವನ್ನು ಬದಿಗಿಟ್ಟರೂ ಒಂದು ಮಾತು ಉಳಿಯುತ್ತದೆ: ದೊಡ್ಡ ಹುದ್ದೆಯಲ್ಲಿದ್ದವನು ಲೆಕ್ಕ ಒಪ್ಪಿಸಬೇಕಾದವನು, ಲೆಕ್ಕ ಒಪ್ಪಿಸಲು ಅಂಜದವನು. ಹುದ್ದೆಯ ಹಿರಿಮೆಯನ್ನು ಪರಂಪರೆ ಗುರುತಿಸಿದ್ದು ಪಡೆದ ಸಂಬಳದಿಂದಲ್ಲ, ಒಪ್ಪಿಸಿದ ಲೆಕ್ಕದಿಂದ.

ಈ ಮಿತಿಯ ಪ್ರಶ್ನೆ ನಮ್ಮ ರಾಷ್ಟ್ರಜೀವನದಲ್ಲಿಯೂ ಹೊಸತಲ್ಲ. ಉಪ್ಪಿನ ಸತ್ಯಾಗ್ರಹಕ್ಕೆ ಮುನ್ನ, 1930ರ ಮಾರ್ಚ್ 2ರಂದು ಗಾಂಧೀಜಿಯವರು ವೈಸರಾಯ್ ಇರ್ವಿನ್ನರಿಗೆ ಬರೆದ ಪತ್ರದಲ್ಲಿ ವೇತನದ ಲೆಕ್ಕವೇ ಒಂದು ಮುಖ್ಯ ಅಸ್ತ್ರವಾಗಿತ್ತು. ವೈಸರಾಯ್‌ರ ತಿಂಗಳ ಸಂಬಳ 21,000 ರೂಪಾಯಿ. ದಿನಕ್ಕೆ 700 ರೂಪಾಯಿಗೂ ಹೆಚ್ಚು. ಭಾರತೀಯನ ಸರಾಸರಿ ದಿನವರಮಾನ ಎರಡಾಣೆಗೂ ಕಡಿಮೆ. ಅಂದರೆ ಐದು ಸಾವಿರ ಪಟ್ಟಿಗೂ ಮಿಗಿಲಾದ ಅಂತರ. ಬ್ರಿಟನ್ನಿನ ಪ್ರಧಾನಮಂತ್ರಿಗೂ ಅಲ್ಲಿನ ಸಾಮಾನ್ಯ ಪ್ರಜೆಗೂ ಇದ್ದ ಅಂತರ ತೊಂಬತ್ತು ಪಟ್ಟು. ವೈಸರಾಯ್‌ರ ಬಗೆಗೆ ವೈಯಕ್ತಿಕ ಗೌರವವಿಟ್ಟುಕೊಂಡೇ, ಇಂತಹ ಅಂತರವನ್ನು ಹೊತ್ತ ವ್ಯವಸ್ಥೆ ನಿಲ್ಲತಕ್ಕುದಲ್ಲವೆಂದು ಅವರು ವಾದಿಸಿದರು. ಮರುವರ್ಷ, 1931ರ ಕರಾಚಿ ಕಾಂಗ್ರೆಸ್ ಅಧಿವೇಶನದ ನಿರ್ಣಯ, ಸರಕಾರಿ ನೌಕರನ ಸಂಬಳ ಸಾಮಾನ್ಯವಾಗಿ ತಿಂಗಳಿಗೆ 500 ರೂಪಾಯಿಯನ್ನು ಮೀರಬಾರದೆಂದಿತು. ಸ್ವಾತಂತ್ರ್ಯಾನಂತರ ಆ ಅಂಕಿ ಉಳಿಯಲಿಲ್ಲ. ಆಶಯ ಮಾತ್ರ ಸಂವಿಧಾನದ ನಿರ್ದೇಶಕ ತತ್ತ್ವಗಳಲ್ಲಿ ಉಳಿಯಿತು. ದುಡಿಯುವವನಿಗೆ ಬದುಕಲು ತಕ್ಕ ವೇತನ ದೊರೆಯಬೇಕೆಂದು 43ನೆಯ ಅನುಚ್ಛೇದ ಹೇಳುತ್ತದೆ. ಆದಾಯದ ಅಸಮಾನತೆಯನ್ನು ಕಡಿಮೆ ಮಾಡಲು ರಾಜ್ಯ ಯತ್ನಿಸಬೇಕೆಂದು, 1978ರ 44ನೆಯ ತಿದ್ದುಪಡಿಯಿಂದ ಸೇರಿದ 38ನೆಯ ಅನುಚ್ಛೇದದ ಎರಡನೆಯ ಖಂಡ ಹೇಳುತ್ತದೆ. ಸರಕಾರಿ ಸೇವೆಯಲ್ಲಿ ಇದಕ್ಕೆ ಒಂದು ಮಟ್ಟಿನ ಫಲವೂ ದೊರಕಿತು. 2016ರ ಜನವರಿ 1ರಿಂದ ಅನ್ವಯವಾದ ಏಳನೆಯ ವೇತನ ಆಯೋಗದ ಪಟ್ಟಿಯಲ್ಲಿ ಕೇಂದ್ರ ಸರಕಾರದ ಕನಿಷ್ಠ ಮೂಲವೇತನ 18,000 ರೂಪಾಯಿ, ಸಂಪುಟ ಕಾರ್ಯದರ್ಶಿಗಳದು 2,50,000 ರೂಪಾಯಿ. ಅಂತರ ಹದಿನಾಲ್ಕು ಪಟ್ಟಿನ ಒಳಗೆ. ಇಡೀ ದೇಶದ ಆಡಳಿತಯಂತ್ರದ ಹೊಣೆಗೆ ಹದಿನಾಲ್ಕು ಪಟ್ಟು ಸಾಕಾಗುತ್ತದೆಂಬುದನ್ನು ನೆನಪಿನಲ್ಲಿಟ್ಟು ಮುಂದೆ ಹೋಗಬೇಕು.

ಖಾಸಗಿ ಉದ್ಯಮದ ಅಳತೆ ಬೇರೆ. 2013ರ ಕಂಪನಿ ಕಾಯಿದೆಯ 197ನೆಯ ಕಲಮು ಸಾರ್ವಜನಿಕ ಕಂಪನಿಯ ನಿರ್ದೇಶಕರಿಗೆಲ್ಲ ಸೇರಿ ಕೊಡುವ ಸಂಭಾವನೆಗೆ ನಿವ್ವಳ ಲಾಭದ ಶೇಕಡ 11ರ ಮಿತಿಯನ್ನೂ, ಒಬ್ಬ ವ್ಯವಸ್ಥಾಪಕ ನಿರ್ದೇಶಕನಿಗೆ ಶೇಕಡ 5ರ ಮಿತಿಯನ್ನೂ ಇಡುತ್ತದೆ. ಷೇರುದಾರರ ಸಭೆಯ ಒಪ್ಪಿಗೆಯಿಂದ ಇದನ್ನು ಮೀರಲೂ ಅವಕಾಶವಿದೆ. ಇಲ್ಲಿ ವಿಮರ್ಶಕನು ಗಮನಿಸಬೇಕಾದುದು ಅಳತೆಗೋಲನ್ನು. ಮೇಲಿನವನ ಮಿತಿಯನ್ನು ಲಾಭದಿಂದ ಅಳೆಯಲಾಗಿದೆ, ಕೆಳಗಿನವನ ಕೂಲಿಯಿಂದಲ್ಲ. 2019ರ ವೇತನ ಸಂಹಿತೆಯಲ್ಲಿ ತಳಮಟ್ಟದ ವೇತನವನ್ನು ಗೊತ್ತುಪಡಿಸುವ ವಿಧಿಯುಂಟು. ಆದರೆ ತಳಕ್ಕೂ ತುದಿಗೂ ಯಾವ ಕೊಂಡಿಯೂ ಇಲ್ಲ. ಕೊಂಡಿಯ ನೆರಳಿನಂತಿರುವುದು 2014ರ ನಿಯಮವೊಂದು ಮಾತ್ರ. ಷೇರುಪೇಟೆಯಲ್ಲಿ ನೋಂದಾಯಿತವಾದ ಪ್ರತಿಯೊಂದು ಕಂಪನಿಯೂ, ನೌಕರರ ಸಂಬಳಗಳನ್ನು ಏರಿಕೆಯ ಕ್ರಮದಲ್ಲಿ ಜೋಡಿಸಿದಾಗ ನಟ್ಟನಡುವೆ ನಿಲ್ಲುವ ಸಂಬಳಕ್ಕೆ ನಿರ್ದೇಶಕರ ಸಂಭಾವನೆ ಎಷ್ಟು ಪಟ್ಟೆಂಬುದನ್ನು ವರ್ಷವರ್ಷವೂ ಪ್ರಕಟಿಸಬೇಕು. ಅಮೆರಿಕೆಯಲ್ಲಿಯೂ 2010ರ ಕಾನೂನಿನ ಫಲವಾಗಿ 2018ರಿಂದ ಇಂತಹುದೇ ಲೆಕ್ಕ ಪ್ರಕಟವಾಗುತ್ತಿದೆ. ಆದರೆ ನಟ್ಟನಡುವಿನವನು ಕಟ್ಟಕಡೆಯವನಲ್ಲ. ಗುತ್ತಿಗೆದಾರನ ಮೂಲಕ ಬರುವ ಕಾವಲುಗಾರ, ಕಸ ಗುಡಿಸುವವಳು, ಊಟದ ಮನೆಯ ಕೆಲಸದವನು ಸಾಮಾನ್ಯವಾಗಿ ಕಂಪನಿಯ ನೌಕರರ ಪಟ್ಟಿಯಲ್ಲಿಯೇ ಇರುವುದಿಲ್ಲ. ಬಾಗಿಲಲ್ಲಿ ದಿನವೂ ನಮಸ್ಕರಿಸುವವನು ಲೆಕ್ಕದಲ್ಲಿ ಕಾಣಿಸುವುದಿಲ್ಲ.

ಈ ಪ್ರಶ್ನೆ ನಮ್ಮ ನಾಡಿನಲ್ಲಿಯೇ ಬಹಿರಂಗವಾಗಿ ಚರ್ಚೆಗೆ ಬಂದ ಒಂದು ಸಂದರ್ಭವುಂಟು. 2017ರಲ್ಲಿ ಬೆಂಗಳೂರಿನ ಇನ್ಫೋಸಿಸ್ ಸಂಸ್ಥೆಯ ಒಬ್ಬ ಉನ್ನತಾಧಿಕಾರಿಯ ಸಂಭಾವನೆಯ ಏರಿಕೆಗೆ ಷೇರುದಾರರ ಒಪ್ಪಿಗೆ ಕೇಳಿದಾಗ, ಸಂಸ್ಥಾಪಕರಲ್ಲಿ ಮುಖ್ಯರಾದ ಎನ್. ಆರ್. ನಾರಾಯಣಮೂರ್ತಿಯವರು ಅದನ್ನು ಬಹಿರಂಗವಾಗಿ ಆಕ್ಷೇಪಿಸಿದರು. ಹೆಚ್ಚಿನ ನೌಕರರಿಗೆ ಶೇಕಡ 6ರಿಂದ 8ರಷ್ಟು ಏರಿಕೆ ಕೊಟ್ಟು, ತುದಿಯಲ್ಲಿರುವವರಿಗೆ ಶೇಕಡ 60ರಿಂದ 70ರಷ್ಟು ಏರಿಕೆ ಕೊಡುವುದು ಯೋಗ್ಯವಲ್ಲವೆಂಬುದು ಅವರ ವಾದದ ಸಾರ. ಆ ಅಧಿಕಾರಿಯ ಯೋಗ್ಯತೆಯ ಬಗೆಗೆ ಅವರಿಗೆ ಆಕ್ಷೇಪವಿರಲಿಲ್ಲ; ಅಂತರದ ಬಗೆಗೆ ಇತ್ತು. ಆದರೂ ಮತದಾನದಲ್ಲಿ ಪ್ರಸ್ತಾವಕ್ಕೆ ಒಪ್ಪಿಗೆ ದೊರೆಯಿತು. ಈ ಘಟನೆಯಿಂದ ಎರಡು ಮಾತು ತಿಳಿಯುತ್ತದೆ. ಉದ್ಯಮವನ್ನು ಕಟ್ಟಿದವರಿಗೂ ಈ ಅಂತರ ಅಸಮಂಜಸವಾಗಿ ಕಾಣಬಲ್ಲದು. ಆದ್ದರಿಂದ ಇದನ್ನು ಉದ್ಯಮವನ್ನರಿಯದವರ ಅಸೂಯೆಯೆಂದು ತಳ್ಳಿಹಾಕಲಾಗದು. ಇನ್ನೊಂದು, ಸಂಸ್ಥಾಪಕನ ನೈತಿಕ ಮಾತು ಕೂಡ ಷೇರುಗಳ ಎಣಿಕೆಯ ಮುಂದೆ ಸಾಲದಾಗಬಹುದು. ಇದಕ್ಕೆ ಒಂದು ಮಾತನ್ನು ಸೇರಿಸಬೇಕು. ಸಂಬಳವೊಂದೇ ಅಸಮಾನತೆಯ ಅಳತೆಯಲ್ಲ. ಸಂಬಳದಲ್ಲಿ ಸಂಯಮಿಯಾದ ಸಂಸ್ಥಾಪಕನ ಸಂಪತ್ತು ಷೇರುಗಳ ರೂಪದಲ್ಲಿ ಬೆಳೆಯುತ್ತದೆ. ವೇತನದ ಅನುಪಾತದಲ್ಲಿ ಅದು ಕಾಣಿಸುವುದಿಲ್ಲ.

ದೊಡ್ಡ ಸಂಬಳದ ಪರವಾಗಿ ಹೇಳುವ ವಾದಗಳನ್ನು ನ್ಯಾಯವಾಗಿಯೇ ಪರಿಶೀಲಿಸಬೇಕು. ಹೊಣೆ ದೊಡ್ಡದು ಎಂಬುದು ಮೊದಲನೆಯ ವಾದ. ಒಬ್ಬನ ತಪ್ಪು ನಿರ್ಧಾರದಿಂದ ಸಾವಿರಾರು ಜನರ ಜೀವನೋಪಾಯ ಹೋಗಬಹುದೆಂಬುದು ಸತ್ಯ. ಆದರೆ ಹೊಣೆಯ ಬೆಲೆ ಪಡೆಯುವವನು ಹೊಣೆಯ ದಂಡವನ್ನೂ ತೆರಬೇಕಷ್ಟೆ. ಸಂಸ್ಥೆ ನಷ್ಟಕ್ಕಿಳಿದಾಗ ಮೊದಲು ಕೆಲಸ ಕಳೆದುಕೊಳ್ಳುವವನು ಕೆಳಗಿನವನು. ಮೇಲಿನವನು ನಿರ್ಗಮಿಸುವಾಗಲೂ ಒಪ್ಪಂದದ ಮೊತ್ತ ಅವನ ಜೊತೆಗೆ ಹೋಗುವುದು ಅಪರೂಪವಲ್ಲ. ಅಲ್ಲದೆ ಮ್ಯಾನ್‌ಹೋಲಿಗೆ ಇಳಿದು ಪ್ರಾಣವನ್ನೇ ಪಣಕ್ಕಿಡುವವನ ಅಪಾಯಕ್ಕೆ ಯಾವ ಪೇಟೆಯೂ ಅಂತಹ ಬೆಲೆ ಕಟ್ಟಿಲ್ಲ. ಪ್ರತಿಭೆ ವಿರಳ, ಪೇಟೆಯ ಬೆಲೆ ಕೊಡದಿದ್ದರೆ ಬೇರೆಡೆಗೆ ಹೋಗುತ್ತದೆ ಎಂಬುದು ಎರಡನೆಯ ವಾದ. ಇದರಲ್ಲಿ ಸ್ವಲ್ಪ ಸತ್ಯಾಂಶವಿದೆ. ವಿಶೇಷ ಕೌಶಲ, ದೀರ್ಘ ವ್ಯಾಸಂಗ, ಅನುಭವಗಳಿಗೆ ಹೆಚ್ಚಿನ ಪ್ರತಿಫಲ ಸಲ್ಲುವುದನ್ನು ಯಾರೂ ಅನ್ಯಾಯವೆನ್ನಲಾರರು. ಆದರೆ ಪೇಟೆಯ ಬೆಲೆ ಎಂಬುದು ಬೆಟ್ಟದಂತೆ ತಾನಾಗಿ ಎದ್ದುನಿಂತ ವಸ್ತುವಲ್ಲ. ಒಂದು ಕಂಪನಿಯ ಸಂಭಾವನಾ ಸಮಿತಿ ಇನ್ನೊಂದರ ಸಂಬಳವನ್ನು ನೋಡಿ ತನ್ನವನಿಗೆ ಸ್ವಲ್ಪ ಹೆಚ್ಚು ಕೊಡುತ್ತದೆ. ಮತ್ತೊಂದು ಇದನ್ನು ನೋಡಿ ಇನ್ನೂ ಹೆಚ್ಚು ಕೊಡುತ್ತದೆ. ಏಣಿಯ ಮೆಟ್ಟಿಲುಗಳನ್ನು ಹತ್ತುವವರೇ ಕಟ್ಟುತ್ತಿರುವಾಗ ಏಣಿಗೆ ತುದಿಯೆಲ್ಲಿ?

ಮೂರನೆಯ ವಾದ ಶರಣಸಾಹಿತ್ಯದ ಓದುಗರಿಗೆ ಹೆಚ್ಚು ಸಂಬಂಧಿಸಿದ್ದು. ಗಳಿಸಿದವರು ಸಮಾಜಕ್ಕೆ ಕೊಡುತ್ತಾರಲ್ಲ, ಅದೇ ದಾಸೋಹವಲ್ಲವೇ ಎನ್ನುತ್ತಾರೆ. ಕಂಪನಿ ಕಾಯಿದೆಯ 135ನೆಯ ಕಲಮಿನ ಪ್ರಕಾರ ನಿರ್ದಿಷ್ಟ ಗಾತ್ರದ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಶೇಕಡ 2ನ್ನು ಸಾಮಾಜಿಕ ಕಾರ್ಯಗಳಿಗೆ ವ್ಯಯಿಸಬೇಕು. ಇದರಿಂದ ಶಾಲೆಗಳಿಗೆ ಕೊಠಡಿ, ಊರುಗಳಿಗೆ ಕುಡಿಯುವ ನೀರು ಬಂದಿರುವುದನ್ನು ಕೃತಜ್ಞತೆಯಿಂದ ಒಪ್ಪಬೇಕು. ಆದರೆ ಇದನ್ನು ದಾಸೋಹವೆಂದು ಕರೆಯುವ ಮುನ್ನ ಲಕ್ಕಮ್ಮನ ಅಂಗಳದಲ್ಲಿ ಒಂದು ಕ್ಷಣ ನಿಲ್ಲಬೇಕು. ಹೆಚ್ಚಾದ ಅಕ್ಕಿಯನ್ನು ಜಂಗಮರಿಗೆ ಬಡಿಸಿ ಪುಣ್ಯ ಕಟ್ಟಿಕೊಳ್ಳಲು ಆಕೆ ಒಪ್ಪಲಿಲ್ಲವೆಂಬುದನ್ನು ಮರೆಯಬಾರದು. ಗುತ್ತಿಗೆಯ ಕಾವಲುಗಾರನ ಕೂಲಿಯಲ್ಲಿ ಉಳಿಸಿದ ಹಣದಿಂದ ಅವನ ಮಗನ ಶಾಲೆಗೆ ಬೆಂಚು ಕೊಟ್ಟರೆ, ಅದು ದಾಸೋಹವಲ್ಲ. ಅವನದನ್ನೇ ಅವನಿಗೆ ಉಪಕಾರದ ರೂಪದಲ್ಲಿ ಹಿಂದಿರುಗಿಸಿದಂತೆ. ಕೂಲಿಯನ್ನು ಪಡೆಯುವವನು ತಲೆಯೆತ್ತಿ ಪಡೆಯುತ್ತಾನೆ. ದಾನವನ್ನು ಪಡೆಯುವವನು ತಲೆಬಾಗಿ ಪಡೆಯಬೇಕಾಗುತ್ತದೆ. ದಾಸೋಹವೆಂಬ ಶಬ್ದದಲ್ಲಿ ಕೊಡುವವನೇ ದಾಸನೆಂಬ ಭಾವವಿರುವುದನ್ನು ನೆನೆದರೆ ಈ ಭೇದದ ತೀವ್ರತೆ ಅರಿವಾದೀತು.

ಹಾಗಾದರೆ ಸಾಕೆಂದು ಹೇಳುವವರು ಯಾರು? ಇಡೀ ಚರ್ಚೆಯ ಗಂಟು ಇಲ್ಲಿದೆ. ಮಾರಯ್ಯನ ಮನೆಯಲ್ಲಿ ಲಕ್ಕಮ್ಮನಿದ್ದಳು. ಇಂದಿನ ಕಂಪನಿಯಲ್ಲಿ ಸಂಭಾವನೆಯನ್ನು ಶಿಫಾರಸು ಮಾಡುವುದು ನಿರ್ದೇಶಕರದೇ ಒಂದು ಸಮಿತಿ. ಅವರಲ್ಲಿ ಬಹುಮಂದಿ ಸ್ವತಂತ್ರ ನಿರ್ದೇಶಕರಾಗಿರಬೇಕೆಂಬ ನಿಯಮವಿದ್ದರೂ, ಅವರೂ ಅದೇ ಅಂತಸ್ತಿನ ಜನ, ಅದೇ ಏಣಿಯನ್ನು ಹತ್ತಿ ಬಂದವರು. ಅಕ್ಕಿಯನ್ನು ಅಳೆದು ಅಡುವವರು ಆ ಕೋಣೆಯಲ್ಲಿಲ್ಲ. ಅವರನ್ನು ಕರೆಯುವ ವಿಚಾರ ಅಸಾಧ್ಯವಾದುದೂ ಅಲ್ಲ, ಪರಕೀಯವಾದುದೂ ಅಲ್ಲ. ಉದ್ಯಮಗಳ ಆಡಳಿತದಲ್ಲಿ ಕೆಲಸಗಾರರು ಭಾಗವಹಿಸುವಂತೆ ರಾಜ್ಯ ಕ್ರಮ ಕೈಗೊಳ್ಳಬೇಕೆಂಬ 43ಎ ಅನುಚ್ಛೇದ 1976ರ 42ನೆಯ ತಿದ್ದುಪಡಿಯಿಂದ ನಮ್ಮ ಸಂವಿಧಾನದಲ್ಲಿಯೇ ಇದೆ. ಅದೇ 1976ರಲ್ಲಿ ಜರ್ಮನಿ ಮಾಡಿದ ಕಾನೂನಿನಂತೆ ಎರಡು ಸಾವಿರಕ್ಕೂ ಹೆಚ್ಚು ನೌಕರರಿರುವ ಅಲ್ಲಿನ ಕಂಪನಿಗಳ ಮೇಲ್ವಿಚಾರಣಾ ಮಂಡಲಿಯಲ್ಲಿ ಅರ್ಧ ಸ್ಥಾನಗಳು ನೌಕರರ ಪ್ರತಿನಿಧಿಗಳಿಗೆ ಮೀಸಲು. ಆಡಳಿತವರ್ಗದ ಸಂಭಾವನೆಯನ್ನು ನಿರ್ಣಯಿಸುವುದು ಈ ಮಂಡಲಿ. ಅಲ್ಲಿಯೂ ಅಂತರ ಅಳಿದುಹೋಗಿಲ್ಲ. ಆದರೆ ಅಂತರವನ್ನು ಪ್ರಶ್ನಿಸುವ ಕಂಠ ಒಳಗಿದೆ. ನಮ್ಮಲ್ಲಿ ಆ ಅನುಚ್ಛೇದ ಬಹುಮಟ್ಟಿಗೆ ಪುಟದಲ್ಲಿಯೇ ಉಳಿದಿದೆ.

ಕಾನೂನಿನಿಂದ ಒಂದೇ ಅಂಕಿಯನ್ನು ಎಲ್ಲರ ಮೇಲೆ ಹೇರುವುದು ಬೇರೆ ಮಾತು. ಸ್ವಿಟ್ಜರ್ಲೆಂಡಿನಲ್ಲಿ ಅತಿ ಹೆಚ್ಚಿನ ಸಂಬಳ ಅತಿ ಕಡಿಮೆಯ ಸಂಬಳದ ಹನ್ನೆರಡು ಪಟ್ಟನ್ನು ಮೀರಬಾರದೆಂಬ ಪ್ರಸ್ತಾವವನ್ನು 2013ರ ನವೆಂಬರಿನಲ್ಲಿ ಜನಮತಕ್ಕೆ ಇಟ್ಟಾಗ ಸುಮಾರು ಶೇಕಡ 65ರಷ್ಟು ಮತದಾರರು ನಿರಾಕರಿಸಿದರು. ಇದಕ್ಕೆ ಪ್ರತಿಯಾಗಿ, ಸ್ಪೇನಿನ ಬಾಸ್ಕ್ ಪ್ರದೇಶದಲ್ಲಿ ಒಬ್ಬ ಕ್ರೈಸ್ತ ಪಾದ್ರಿಯ ಪ್ರೇರಣೆಯಿಂದ 1956ರಲ್ಲಿ ಆರಂಭವಾದ ಮೊಂದ್ರಗೊನ್ ಸಹಕಾರಿ ಉದ್ಯಮಗಳಲ್ಲಿ ಸದಸ್ಯರೇ ಈ ಮಿತಿಯನ್ನು ತಮಗೆ ತಾವು ಹಾಕಿಕೊಂಡರು. ಮೊದಮೊದಲು ಅದು ಮೂರು ಪಟ್ಟಾಗಿತ್ತು. ಕಾಲಕ್ರಮದಲ್ಲಿ ಸಾಮಾನ್ಯವಾಗಿ ಆರು ಪಟ್ಟಿನ ಆಸುಪಾಸಿಗೆ ಏರಿತು. ಅಲ್ಲಿಯೂ ಎಲ್ಲವೂ ಸುಗಮವಲ್ಲ. ಆ ಸಮೂಹದ ಗೃಹೋಪಕರಣಗಳ ಕಂಪನಿ ಫಾಗೋರ್ 2013ರಲ್ಲಿ ದಿವಾಳಿಯಾಯಿತು. ಆದರೆ ಸಮೂಹ ಉಳಿದಿದೆ. ಮಿತಿಯಿಟ್ಟರೆ ದೊಡ್ಡ ಉದ್ಯಮ ನಡೆಯದು ಎಂಬ ಮಾತನ್ನು ಅದು ಸುಳ್ಳಾಗಿಸಿದೆ. ಹೊರಗಿನಿಂದ ಬಂದ ಅಂಕಿಯನ್ನು ಜನ ನಿರಾಕರಿಸಿದರು, ಒಳಗಿನಿಂದ ಹುಟ್ಟಿದ ಮಿತಿ ಬಾಳಿತು. ಲಕ್ಕಮ್ಮನ ಮಿತಿಯೂ ಒಳಗಿನಿಂದ ಹುಟ್ಟಿದುದೇ.

ಹೀಗೆ ಹೊರಗಿನ ಉದ್ಯಮಗಳನ್ನು ಒರೆಗೆ ಹಚ್ಚುವಾಗ ನಮ್ಮ ಮನೆಯ ಬಾಗಿಲನ್ನು ಮುಚ್ಚಿಕೊಳ್ಳುವುದು ಸಲ್ಲದು. ಕಾಯಕದ ಹೆಸರಿನಲ್ಲಿ, ಶರಣರ ಹೆಸರಿನಲ್ಲಿ ನಾಡಿನಲ್ಲಿ ಎಷ್ಟೋ ಶಾಲೆ, ಕಾಲೇಜು, ಆಸ್ಪತ್ರೆ, ಸಹಕಾರಿ ಸಂಘಗಳು ನಡೆಯುತ್ತಿವೆ. ಅವುಗಳ ಉಪಕಾರವನ್ನು ಯಾರೂ ಅಲ್ಲಗಳೆಯಲಾರರು. ಆದರೆ ಅಂತಹ ಪ್ರತಿಯೊಂದು ಸಂಸ್ಥೆಯ ಆಡಳಿತ ಮಂಡಲಿಯೂ ವರ್ಷಕ್ಕೊಮ್ಮೆಯಾದರೂ ತನ್ನ ವೇತನದ ವಹಿಯನ್ನು ತೆರೆದು, ತುದಿಯ ಸಂಬಳಕ್ಕೂ ತಳದ ಕೂಲಿಗೂ ಎಷ್ಟು ಪಟ್ಟಿನ ಅಂತರವಿದೆ, ತಾತ್ಕಾಲಿಕವೆಂದು ನೇಮಿಸಿಕೊಂಡ ಉಪಾಧ್ಯಾಯ ಎಷ್ಟು ವರ್ಷದಿಂದ ತಾತ್ಕಾಲಿಕನಾಗಿದ್ದಾನೆ, ಪ್ರಸಾದ ನಿಲಯದ ಅಡುಗೆಯವಳಿಗೆ ತಿಂಗಳಿಗೆ ಏನು ಸಲ್ಲುತ್ತಿದೆ ಎಂದು ನೋಡಿಕೊಳ್ಳುವುದು ಉಚಿತ. ಸೇವಾಭಾವವೆಂಬ ಮಾತನ್ನು ಸಂಬಳ ಕೊಡುವವರು ಸಂಬಳ ಪಡೆಯುವವರಿಗೆ ಹೇಳಿದರೆ ಅದು ಉಪದೇಶವಾಗುವುದಿಲ್ಲ, ಅನುಕೂಲವಾಗುತ್ತದೆ. ಕಾಯಕತತ್ತ್ವವನ್ನು ವಾರಸುದಾರಿಕೆಯಾಗಿ ಪಡೆದವರು ಅದರ ಪರೀಕ್ಷೆಗೆ ಮೊದಲು ನಿಲ್ಲಬೇಕಾದವರು.

ಒಟ್ಟಿನಲ್ಲಿ ಹೇಳುವುದಾದರೆ, ವೇತನದಲ್ಲಿ ಅಂತರವೇ ಇರಕೂಡದೆಂಬುದನ್ನು ಶರಣಸಾಹಿತ್ಯದಿಂದ ಸಿದ್ಧಪಡಿಸಲಾಗದು. ಎಲ್ಲೆಯಿಲ್ಲದ ಅಂತರವನ್ನು ಅದರಿಂದ ಸಮರ್ಥಿಸುವುದಂತೂ ಅಸಾಧ್ಯ. ಕೌಶಲಕ್ಕೆ, ಹೊಣೆಗೆ, ಅನುಭವಕ್ಕೆ ತಕ್ಕ ಭೇದ ನ್ಯಾಯವಾದುದು. ಆದರೆ ಕೆಳಗಿನವನ ಬದುಕಿಗೆ ಸಾಲದಿರುವಾಗ ಮೇಲಿನವನಿಗೆ ಹೆಚ್ಚಾಗುತ್ತ ಹೋಗುವುದು, ಆ ಹೆಚ್ಚಳವನ್ನು ಪ್ರಶ್ನಿಸುವ ಬಾಯಿ ಸಂಸ್ಥೆಯೊಳಗೆ ಇಲ್ಲದಿರುವುದು, ಕೊನೆಗೆ ಅದರ ಒಂದು ತುಣುಕನ್ನು ದಾನ ಮಾಡಿ ಎಲ್ಲವೂ ಶುದ್ಧವಾಯಿತೆಂದುಕೊಳ್ಳುವುದು, ಈ ಮೂರೂ ಸೇರಿದಲ್ಲಿ ನ್ಯಾಯವಿಲ್ಲ. ಸಂತೃಪ್ತಿಯ ಉಪದೇಶ ಕೆಳಗಿನ ಮೆಟ್ಟಿಲಿನಿಂದ ಆರಂಭವಾಗತಕ್ಕುದಲ್ಲ. ಮುಂದೆ ಯಾವ ಸಭೆಯಲ್ಲಿಯಾದರೂ ಯಾವ ಪ್ರವಚನಕಾರರಾದರೂ ಆಯ್ದಕ್ಕಿ ಲಕ್ಕಮ್ಮನ ಕಥೆಯನ್ನು ಹೇಳುವಾಗ, ಅದನ್ನು ಹಿಂದಿನ ಸಾಲಿನಲ್ಲಿ ಕುಳಿತ ಕೂಲಿಕಾರನತ್ತ ಮುಖ ಮಾಡಿ ಹೇಳುತ್ತಾರೋ ಮುಂದಿನ ಸಾಲಿನ ಕುರ್ಚಿಗಳತ್ತ ಮುಖ ಮಾಡಿ ಹೇಳುತ್ತಾರೋ ಎಂಬುದನ್ನು ಸಹೃದಯರು ಗಮನಿಸಬೇಕು. ಆ ತಾಯಿಯ ಮಾತು ಯಾರಿಗೆಂಬುದನ್ನು ಆಕೆ ತಿರುಗಿಸಿ ಕಳುಹಿಸಿದ ಅಕ್ಕಿಯೇ ಹೇಳುತ್ತದೆ.